ಜೀವನಾಂಶ: ತಿಂಗಳು ತಿಂಗಳಾ, ಇಡಿಗಂಟಾ?

ಈ ಸಲದ ಪ್ರಶ್ನೆ ನಮ್ಮ ದಟ್ಟಗಳ್ಳಿಯ ಕೇಳುಗರೊಬ್ಬರದ್ದು. ಇಬ್ಬರೂ ಒಪ್ಪಿ ವಿಚ್ಛೇದನ ತಗೊಳ್ತಿದ್ದಾರೆ, ಒಂದು ಮಗು ಇದೆ. ‘ತಿಂಗಳಿಗೆ 15 ಸಾವಿರ, ಇಲ್ಲಾಂದ್ರೆ ಒಂದೇ ಸಲ 15 ಲಕ್ಷ ಅಂತಿದ್ದಾರೆ. ಯಾವುದಕ್ಕೆ ಸೈನ್ ಹಾಕ್ಲಿ?’

ನಾನು ಓದಿದ್ದು ಬಿಕಾಂ, ಕಾನೂನಲ್ಲ. ಹಾಗಾಗಿ ಮೊದಲು ಲೆಕ್ಕ ನೋಡೋಣ.

15 ಲಕ್ಷವನ್ನ ಶೇ 7ರ ಬಡ್ಡಿಗಿಟ್ಟು ತಿಂಗಳಿಗೆ 15 ಸಾವಿರ ತೆಗೀತಾ ಹೋದ್ರೆ, ಸುಮಾರು ಹನ್ನೆರಡೂವರೆ ವರ್ಷಕ್ಕೆ ಖಾಲಿ. ಹಾಗಾದ್ರೆ ತಿಂಗಳ ದುಡ್ಡೇ ವಾಸಿನಾ? ಬೆಲೆ ವರ್ಷಕ್ಕೆ ಶೇ 6 ಏರಿದ್ರೆ, 12 ವರ್ಷದ ನಂತರ ಆ 15 ಸಾವಿರಕ್ಕೆ ಬರೋದು ಇವತ್ತಿನ ಏಳೂವರೆ ಸಾವಿರದಷ್ಟು ಸಾಮಾನು. ಅದಕ್ಕೇ ‘ಪ್ರತಿ ವರ್ಷ ಇಷ್ಟು ಹೆಚ್ಚಳ’ ಅಂತ ಒಪ್ಪಂದದಲ್ಲೇ ಬರೆಸಿ. ಕೊಡೋರು ನಿಲ್ಲಿಸಿದ್ರೆ ಮತ್ತೆ ಕೋರ್ಟಿಗೆ ಅಲೀಬೇಕು ಅನ್ನೋದೂ ನೆನಪಿರಲಿ.

ತೆರಿಗೆ ಲೆಕ್ಕವೂ ಬೇರೆ. 1984ರ ಬಾಂಬೆ ಹೈಕೋರ್ಟ್ ತೀರ್ಪಿನ ಪ್ರಕಾರ ತಿಂಗಳ ಜೀವನಾಂಶ ಆದಾಯ, ಇಡಿಗಂಟು ಆದಾಯ ಅಲ್ಲ. ಆದ್ರೆ ಇಡಿಗಂಟಿನ ಮೇಲೆ ಬರೋ ಬಡ್ಡಿಗೆ ತೆರಿಗೆ ಇದೆ.

ಇನ್ನು, ಎಷ್ಟು ಕೇಳಬಹುದು? 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಡಿಯೋ ಒಂದು ಎಲ್ಲರ ಮೊಬೈಲಲ್ಲೂ ಓಡಾಡ್ತು. ತಿಂಗಳಿಗೆ 6,16,300 ರೂಪಾಯಿ ಕೇಳಿದ್ದ ಪ್ರಕರಣ ಅದು. ಅಷ್ಟು ಖರ್ಚು ಮಾಡಬೇಕಿದ್ರೆ ತಾವೇ ದುಡೀಲಿ ಅಂತ ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಹೇಳಿದ್ರು. ಎಲ್ಲರೂ ನಕ್ಕು ಫಾರ್ವರ್ಡ್ ಮಾಡಿದ್ರು. ನಾವು ಕಲೀಬೇಕಾದ್ದು ಇಷ್ಟೇ: ಕೇಳೋ ಮೊತ್ತಕ್ಕೆ ಆಧಾರ ಬೇಕು. ಬಾಡಿಗೆ, ಸ್ಕೂಲ್ ಫೀಸು, ಔಷಧಿ, ರೇಷನ್ ಎಲ್ಲಾ ರಸೀದಿ ಸಮೇತ ಬರೆದಿಡಿ.

ಆ ಕಡೆಯವರೂ ಲೆಕ್ಕ ಕೊಡಬೇಕು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಹೇಳಿದೆ. ರಾಜಿ ಮಾತುಕತೆಯಲ್ಲೂ ಅದೇ ಪಟ್ಟಿ ಕೇಳಿ.

ಹೋಮ್ ಲೋನ್ ಇಬ್ಬರ ಹೆಸರಲ್ಲಿದ್ರೆ ಹುಷಾರು. ‘ಕಂತು ನಾನೇ ಕಟ್ತೀನಿ’ ಅನ್ನೋದು ನಿಮ್ಮಿಬ್ಬರ ಒಪ್ಪಂದ. ನಿಮ್ಮ ಹೆಸರು ಸಾಲದಲ್ಲಿ ಇರೋವರೆಗೂ ಬ್ಯಾಂಕ್ ನಿಮ್ಮನ್ನೂ ಕೇಳುತ್ತೆ.

ಹಾಗಾದ್ರೆ ಉತ್ತರ? ಕೊಡೋರ ಸಂಬಳ ಗ್ಯಾರಂಟಿ ಇಲ್ಲ ಅನ್ನಿಸಿದ್ರೆ ನಾನು ಇಡಿಗಂಟಿನ ಕಡೆ. ಆದ್ರೆ ಈಗಿನ ಎರಡೂ ಆಫರಿನಲ್ಲಿ ಮಗುವಿನ ಖರ್ಚಿನ ಮಾತೇ ಇಲ್ಲ. ಅದು ಬೇರೆಯಾಗಿ ಬರೆದು ಬರೋವರೆಗೂ ಯಾವುದಕ್ಕೂ ಸೈನ್ ಹಾಕಬೇಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ವಾ? 15100ಕ್ಕೆ ಫೋನ್ ಮಾಡಿ. ಆದಾಯ ಎಷ್ಟೇ ಇದ್ರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ.