ಹೆಚ್ಚು ಅಳೆದು ಕಡಿಮೆ ಮಾತಾಡುವ ಚಿಪ್

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ ಚೈನ್ ಕಡಿದುಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಗಿ, ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನೀರು ನುಗ್ಗಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿವ ನೀರಿಗೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ಅದನ್ನು ಮುಚ್ಚುವಷ್ಟರಲ್ಲಿ ವಾರ ಕಳೆಯಿತು. ಬೆಳೆಗೆಂದು ಕೂಡಿಟ್ಟ ನೀರು ಹೊಳೆಪಾಲಾಯಿತು.

ಇಂಥ ಗೇಟು ಅಲ್ಲಿ 33 ಇವೆ. ಪ್ರತಿಯೊಂದರ ಚೈನಿನ ಮೇಲೂ ಎಷ್ಟು ಜಗ್ಗು ಬೀಳುತ್ತಿದೆ ಎಂದು ಹಗಲಿರುಳು ನೋಡುವ ಸಾಧನವೊಂದನ್ನು ಕಲ್ಪಿಸಿಕೊಳ್ಳಿ. ಸೆನ್ಸರ್ ಇದ್ದಿದ್ದರೆ 19ನೇ ಗೇಟು ಉಳಿಯುತ್ತಿತ್ತು ಎಂಬುದು ನನ್ನ ವಾದವಲ್ಲ. ತುಕ್ಕು ತಿಂದ ಕೊಂಡಿ ಮುನ್ಸೂಚನೆ ಕೊಟ್ಟೇ ಕಡಿಯಬೇಕೆಂದೇನಿಲ್ಲ. ನನ್ನ ಕುತೂಹಲ ಬೇರೆ: ವೈರ್ ಇಲ್ಲದೆ, ಒಂದೇ ಪುಟ್ಟ ಸೆಲ್‌ನಲ್ಲಿ ಅಂಥ ಸಾಧನ ಹತ್ತು ವರ್ಷ ಬದುಕುವುದು ಹೇಗೆ?

ನಾಣ್ಯದಾಕಾರದ ಸಿಆರ್2032 ಸೆಲ್‌ನಲ್ಲಿ ಇರುವುದು ಸುಮಾರು 225 ಮಿಲಿಆಂಪ್-ಗಂಟೆ. ಹತ್ತು ವರ್ಷಕ್ಕೆ ಹಂಚಿದರೆ ಸರಾಸರಿ ಎರಡೂವರೆ ಮೈಕ್ರೋಆಂಪ್ ಮಾತ್ರ. ಜಗ್ಗನ್ನು ಅಳೆಯಲು ಚೈನಿಗೆ ಅಂಟಿಸುವ ಸ್ಟ್ರೇನ್ ಗೇಜ್ ನೋಡಿ. ಅದರ 350 ಓಮ್ ಸೇತುವೆ ಸರ್ಕ್ಯೂಟಿಗೆ 3 ವೋಲ್ಟ್ ಕೊಟ್ಟರೆ ಎಂಟೂವರೆ ಮಿಲಿಆಂಪ್ ಎಳೆಯುತ್ತದೆ, ಅಂದರೆ ಬಜೆಟ್ಟಿನ ಮೂರು ಸಾವಿರ ಪಟ್ಟಿಗೂ ಹೆಚ್ಚು. ಹಾಗಾಗಿ ಅದನ್ನು ನಿಮಿಷಕ್ಕೊಮ್ಮೆ, ಒಂದೇ ಮಿಲಿಸೆಕೆಂಡು ಎಬ್ಬಿಸಿ ಮತ್ತೆ ಮಲಗಿಸಬೇಕು.

ಅದು ಎಚ್ಚರವಿದ್ದ ಆ ಕ್ಷಣದಲ್ಲಿ ಸಿಗುವ ವೋಲ್ಟೇಜನ್ನು ಅಂಕಿಯಾಗಿಸುವುದು ಎಡಿಸಿ ಎಂಬ ಸರ್ಕ್ಯೂಟು. ಕಡಿಮೆ ವಿದ್ಯುತ್ತಿನ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಅದರ ಸಾರ್ ಎಂಬ ಬಗೆಯನ್ನು. ಕಂಪ್ಲಿಯ ಅಂಗಡಿಯಲ್ಲಿ ತಕ್ಕಡಿಯಿಂದ ಅಕ್ಕಿ ತೂಗುವ ರೀತಿಯೇ ಇದು: ಮೊದಲು ದೊಡ್ಡ ಬಟ್ಟು ಇಡು, ಹೆಚ್ಚಾದರೆ ತೆಗೆ, ಕಡಿಮೆಯಾದರೆ ಇರಲಿ, ಆಮೇಲೆ ಅದರರ್ಧ, ಅದರರ್ಧದರ್ಧ. ಹೀಗೆ ಹನ್ನೆರಡು ಸಲ ಇಟ್ಟು ತೆಗೆದರೆ 4096 ಮಟ್ಟಗಳಲ್ಲಿ ಸರಿಯಾದದ್ದು ಸಿಕ್ಕಿಬಿಡುತ್ತದೆ. ಚಿಪ್ಪಿನೊಳಗೆ ಬಟ್ಟಿನ ಕೆಲಸ ಮಾಡುವುದು ಒಂದಕ್ಕಿಂತ ಒಂದು ಇಮ್ಮಡಿಯಾದ ಕೆಪಾಸಿಟರುಗಳು. ಅವುಗಳಿಗೆ ಚಾರ್ಜ್ ತುಂಬುವುದೇ ಮುಖ್ಯ ಖರ್ಚು, ಅದು ವೋಲ್ಟೇಜಿನ ವರ್ಗದಂತೆ ಏರುತ್ತದೆ. ವೋಲ್ಟೇಜ್ ಅರ್ಧ ಮಾಡಿದರೆ ಖರ್ಚು ಕಾಲುಭಾಗ. ಕೆಪಾಸಿಟರನ್ನು ಚಿಕ್ಕದು ಮಾಡಿಯೂ ಉಳಿಸಬಹುದು, ಆದರೆ ಶಾಖದಿಂದ ಎಲೆಕ್ಟ್ರಾನುಗಳು ಕುಣಿಯುವ ಗದ್ದಲ ಆಗ ಹೆಚ್ಚುತ್ತದೆ. ಆ ಗದ್ದಲವೇ ಮಿತಿಯಾದಲ್ಲಿ ನಿಖರತೆ ಒಂದು ಬಿಟ್ ಹೆಚ್ಚಬೇಕೆಂದರೆ ಕೆಪಾಸಿಟರ್ ನಾಲ್ಕು ಪಟ್ಟು ದೊಡ್ಡದಾಗಬೇಕು. ಈ ವಿದ್ಯೆಯ ಕಷ್ಟವೆಲ್ಲ ಈ ಜಗ್ಗಾಟದಲ್ಲಿದೆ.

ಹಾಗಿದ್ದೂ ಜಾಣರು ಎಲ್ಲಿಗೆ ತಲುಪಿದ್ದಾರೆ ನೋಡಿ. 2008ರಲ್ಲಿ ನೆದರ್ಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದವರು ಮಂಡಿಸಿದ 10 ಬಿಟ್ಟಿನ ಎಡಿಸಿ ಸೆಕೆಂಡಿಗೆ ಹತ್ತು ಲಕ್ಷ ಸಲ ಅಳೆದು ತಿಂದದ್ದು 1.9 ಮೈಕ್ರೋವ್ಯಾಟ್! ಅದೇ, ಅಳೆದದ್ದನ್ನು ದೂರಕ್ಕೆ ಕಳಿಸುವ ರೇಡಿಯೊ 20 ಮಿಲಿಆಂಪ್ ಎಳೆದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತಾಡಿತೆನ್ನಿ. ಆ ಒಂದು ಸಂದೇಶದ ಖರ್ಚಿನಲ್ಲಿ ಅಂಥ ಎಡಿಸಿ ಸುಮಾರು 300 ಕೋಟಿ ಸಲ ಅಳೆಯಬಲ್ಲದು. ಜಾಹೀರಾತುಗಳು ಮಾತ್ರ ಎಡಿಸಿಯ ಬಿಟ್ಟುಗಳನ್ನೇ ಹೊಗಳುತ್ತವೆ. ಸೆಲ್ ಖಾಲಿಯಾಗುವುದು ಬೇರೆ ಕಡೆ.

ನಿದ್ದೆಯೂ ಪುಕ್ಕಟೆಯಲ್ಲ. ಆರಿಸಿದ ಟ್ರಾನ್ಸಿಸ್ಟರಿನಲ್ಲೂ ಕರೆಂಟು ಸೋರುತ್ತದೆ, ತಾಪ 10 ಡಿಗ್ರಿ ಏರಿದಾಗಲೆಲ್ಲ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 25 ಡಿಗ್ರಿಯ ಪ್ರಯೋಗಾಲಯದಲ್ಲಿ ಪಾಸಾದ ಚಿಪ್ಪನ್ನು ಲೋಹದ ಡಬ್ಬಿಯಲ್ಲಿಟ್ಟು ಹಂಪಿಯ ಬಂಡೆಗಳ ನಡುವೆ ಮೇ ತಿಂಗಳ ಬಿಸಿಲಿಗೆ ಒಡ್ಡಿ. ಡಬ್ಬಿಯೊಳಗೆ 60 ಡಿಗ್ರಿ ತಲುಪಿದರೆ ಸೋರಿಕೆ ಹತ್ತು ಪಟ್ಟು ಮೀರುತ್ತದೆ. ನಮ್ಮ ಕಡೆಗೆಂದು ಮಾಡುವ ಚಿಪ್ಪನ್ನು ನಮ್ಮ ಬಿಸಿಲಲ್ಲೇ ಪರೀಕ್ಷಿಸಬೇಕು.

ಇನ್ನು ಮಾತಿನ ಲೆಕ್ಕ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್ ಅಲೆಗಳು ಬಯಲಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತವೆ, ಸಂಡೂರಿನಲ್ಲಿರುವಂಥ ಗುಡ್ಡ ಅಡ್ಡಬಂದರೆ ಮೇಲೊಂದು ರಿಪೀಟರ್ ಬೇಕು. ಚೈನು ಬಿಟ್ಟು ಈಗ ಹೊಳೆಯ ಉದಾಹರಣೆ ನೋಡಿ: ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುತ್ತದೆ. ಅಲ್ಲೊಂದು ನೀರಿನ ಮಟ್ಟ ನೋಡುವ ಸೆನ್ಸರ್ ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಕಳಿಸಿದರೆ ರೇಡಿಯೊವೊಂದೇ ಸರಾಸರಿ 3.3 ಮೈಕ್ರೋಆಂಪ್ ತಿಂದು ಬಜೆಟ್ ಮೀರುತ್ತದೆ, ಗಂಟೆಗೊಮ್ಮೆಯಾದರೆ 0.56 ಸಾಕು. ಆದ್ದರಿಂದ ನಿಮಿಷಕ್ಕೊಮ್ಮೆ ಅಳೆಯುತ್ತಲೇ ಇದ್ದು, ಬೇಸಿಗೆಯಲ್ಲಿ ದಿನಕ್ಕೆರಡು ಸಲ ಮಾತಾಡಿ, ನೀರು ಗೇಣುದ್ದ ಏರಿದಾಗಷ್ಟೇ ರೇಡಿಯೊ ಎಬ್ಬಿಸುವ ಚಿಪ್ ಬೇಕು. ಏರಿಕೆಯನ್ನು ಗುರುತಿಸುವ ಆ ಚಿಕ್ಕ ಹೋಲಿಕೆಯ ಲೆಕ್ಕವನ್ನು ಚಿಪ್ಪೇ ಮಾಡಿಕೊಳ್ಳುತ್ತದೆ, ರೇಡಿಯೊ ಮುಂದೆ ಅದರ ಖರ್ಚು ನಗಣ್ಯ.