ಅಜ್ಜಿಯ ಬೋರ್‌ವೆಲ್ ಮತ್ತು ಸಮುದ್ರದ ಮುತ್ತು

‘ಸಮುದ್ರಾನ ಇಲ್ಲದ ಊರಾಗ ಸಮುದ್ರದ ಹುಳದ ಪಾಠ ಯಾಕ?’ ಪರೀಕ್ಷೆಗೆ ಸೂಕ್ಷ್ಮಜೀವಿಶಾಸ್ತ್ರದ ನೋಟ್ಸ್ ಉರು ಹೊಡೆಯುತ್ತಿದ್ದಾಗ ಅಪ್ಪ ಕೇಳಿದ ಪ್ರಶ್ನೆಯಿದು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮದು ಗಂಗಾವತಿ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಯೂರಿಯಾ ಚೀಲ... ಇಷ್ಟೇ ನಮ್ಮ ಲೋಕ.

ಆ ‘ಹುಳ’ದ ಹೆಸರು ಥಯೋಮಾರ್ಗರಿಟಾ ನಮೀಬಿಯೆನ್ಸಿಸ್. ಅಂದರೆ ‘ನಮೀಬಿಯಾದ ಗಂಧಕದ ಮುತ್ತು’. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿದ 1997ರಲ್ಲೇ ಜರ್ಮನಿಯ ವಿಜ್ಞಾನಿ ಹೈಡೆ ಶುಲ್ಜ್ ಆಫ್ರಿಕಾದ ಕರಾವಳಿಯ ಕೆಸರಿನಲ್ಲಿ ಇದನ್ನು ಕಂಡರು. ಬ್ಯಾಕ್ಟೀರಿಯಾ ಅಂದರೆ ಕಣ್ಣಿಗೆ ಕಾಣದ್ದು ತಾನೇ? ಇದು ಮುಕ್ಕಾಲು ಮಿಲಿಮೀಟರ್‌ವರೆಗೂ ಬೆಳೆಯುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಅದರ ಹೊಟ್ಟೆಯ ತುಂಬ ನೈಟ್ರೇಟ್ ದಾಸ್ತಾನು. ಆಮ್ಲಜನಕವಿಲ್ಲದ ಕೆಸರಿನಲ್ಲಿ ನಾವು ಉಸಿರುಗಟ್ಟಿ ಸಾಯುತ್ತೇವೆ. ಅದು ಆಮ್ಲಜನಕದ ಬದಲು ನೈಟ್ರೇಟನ್ನೇ ‘ಉಸಿರಾಡಿ’ ಬದುಕುತ್ತದೆ.

ಹೀಗೆ ನೈಟ್ರೇಟ್ ಉಸಿರಾಡುವ ಜೀವಿಗಳು ನಮ್ಮ ಗದ್ದೆಯಲ್ಲೂ ಇವೆ ಎಂದು ತಿಳಿದಾಗ ಪಾಠದ ರುಚಿಯೇ ಬದಲಾಯಿತು. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಸುಮಾರು 20 ಕೆ.ಜಿ. ನಿಂತ ನೀರಿನ ಮೇಲೆ ಅದನ್ನು ಎರಚಿದರೆ ಒಂದಿಷ್ಟು ಅಮೋನಿಯಾ ಆಗಿ ಹಾರುತ್ತದೆ. ಇನ್ನೊಂದಿಷ್ಟು ಮಣ್ಣಿನ ಮೇಲ್ಪದರದಲ್ಲಿ ನೈಟ್ರೇಟ್ ಆಗಿ, ಗಾಳಿಯಿಲ್ಲದ ಕೆಳಗಿನ ಕೆಸರಿಗೆ ಇಳಿಯುತ್ತದೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳು ಅದನ್ನು ಹಂತ ಹಂತವಾಗಿ ಒಡೆದು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಕೆಲಸ ಅರ್ಧಕ್ಕೆ ನಿಂತರೆ ಹೊರಬರುವುದು ನೈಟ್ರಸ್ ಆಕ್ಸೈಡ್. ಭೂಮಿ ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಅಪ್ಪನಿಗೆ ಇದನ್ನು ಹೇಳಿದೆ. ‘ಅಂದ್ರ ನಮ್ಮ ರೊಕ್ಕ ಗುಳ್ಳಿ ಆಗಿ ಹೊಕ್ಕೈತಿ ಅನ್ನು’ ಎಂದು ನಕ್ಕರು. ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದೂ ನೈಟ್ರೇಟ್ ಆಗುವ ಹಂತವನ್ನು ನಿಧಾನಗೊಳಿಸಲಿಕ್ಕೇ.

ನಗು ನಿಂತದ್ದು ಕುಷ್ಟಗಿ ಕಡೆಯ ಅಜ್ಜಿಯ ಊರಿಗೆ ಹೋದಾಗ. ಅಲ್ಲಿ ಕಾಲುವೆಯಿಲ್ಲ, ಬೋರ್‌ವೆಲ್ಲೇ ಗತಿ. ಪ್ರಾಜೆಕ್ಟ್‌ಗೆಂದು ತಂದಿದ್ದ ಪರೀಕ್ಷಾ ಪಟ್ಟಿಯನ್ನು ಆ ನೀರಿನಲ್ಲಿ ಅದ್ದಿದೆ. ಕಡುಗುಲಾಬಿ ಬಣ್ಣ! ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಪಟ್ಟಿ ಅದಕ್ಕಿಂತ ಮುಂದೆ ಹೋಗಿತ್ತು. ಅದೇ ಹೊತ್ತಿಗೆ ಒಳಗೆ ಅತ್ತೆ ನಾಲ್ಕು ತಿಂಗಳ ಕೂಸಿಗೆ ಅದೇ ನೀರಿನಲ್ಲಿ ಹಾಲಿನ ಪುಡಿ ಕಲೆಸುತ್ತಿದ್ದರು.

ಆರು ತಿಂಗಳೊಳಗಿನ ಕೂಸಿನ ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು, ಮಗು ನೀಲಿಗಟ್ಟಬಹುದು. ‘ಕುದಿಸೇ ಹಾಕ್ತೀನವ್ವ’ ಎಂದರು ಅತ್ತೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನೂ ದಟ್ಟವಾಗುತ್ತದೆ. ನನ್ನ ಕೈ ನಡುಗುತ್ತಿತ್ತು. ಪುಣ್ಯಕ್ಕೆ ಕೂಸಿಗೆ ಏನೂ ಆಗಿರಲಿಲ್ಲ. ಅಂದಿನಿಂದ ಅದರ ಹಾಲಿಗೆ ಊರಿನ ಶುದ್ಧ ನೀರಿನ ಘಟಕದ ನೀರೇ.

ಕಾರಣ ಹುಡುಕಿದರೆ, ಬೋರ್‌ವೆಲ್ ಪಕ್ಕದಲ್ಲೇ ತಿಪ್ಪೆ, ಶೌಚಗುಂಡಿ. ಆದರೆ ಗದ್ದೆಯಲ್ಲಿ ಅಪ್ಪನ ಯೂರಿಯಾ ತಿಂದ ಬ್ಯಾಕ್ಟೀರಿಯಾಗಳು ಇಲ್ಲೇಕೆ ಸುಮ್ಮನಿದ್ದವು? ಅವು ನೈಟ್ರೇಟ್ ಮುಟ್ಟಬೇಕಾದರೆ ಆಮ್ಲಜನಕ ಇರಬಾರದು, ತಿನ್ನಲು ಸಾವಯವ ಆಹಾರ ಇರಬೇಕು. ಕುಷ್ಟಗಿ, ಯಲಬುರ್ಗಾದಂಥ ಒಣ ನೆಲದಲ್ಲಿ ಮಣ್ಣಿಗೆ ಗಾಳಿಯಾಡುತ್ತದೆ, ಸಾವಯವ ಅಂಶ ಕಡಿಮೆ. ಮಳೆ ಬಂದರೆ ನೈಟ್ರೇಟ್ ಕಲ್ಲಿನ ಬಿರುಕುಗಳಲ್ಲಿ ಸರಸರನೆ ಇಳಿದು ಅಂತರ್ಜಲ ಸೇರುತ್ತದೆ. ಗಂಗಾವತಿಯಲ್ಲಿ ಜೇಬು ಕತ್ತರಿಸುವ ಜೀವಿ ಇಲ್ಲಿ ಇದ್ದಿದ್ದರೆ ಕಾವಲುಗಾರ! ಒಂದೇ ಜಿಲ್ಲೆ, ಎರಡು ನ್ಯಾಯ.

ಮಾವ ತಿಪ್ಪೆಯನ್ನು ಹೊಲಕ್ಕೆ ಸಾಗಿಸಿದ್ದಾರೆ. ಶೌಚಗುಂಡಿ ಇನ್ನೂ ಅಲ್ಲೇ ಇದೆ, ಅದಕ್ಕೆ ದುಡ್ಡು ಹೊಂದಿಸಬೇಕು. ಮನೆಯಲ್ಲಿ ಎಳೆಗೂಸಿದ್ದು, ಬೋರ್‌ವೆಲ್ ನೀರು ಬಳಸುತ್ತಿದ್ದರೆ ನೀವೂ ಒಮ್ಮೆ ಪರೀಕ್ಷೆ ಮಾಡಿಸಿ. ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಮೊನ್ನೆ ಅಪ್ಪ ಮತ್ತೆ ಕೇಳಿದರು: ‘ಆ ಸಮುದ್ರದ ಹುಳದ ಹೆಸರೇನಂದಿ?’ ಹೇಳಿದೆ. ಅವರ ಬಾಯಲ್ಲಿ ಅದು ಸರಿಯಾಗಿ ಹೊರಳಲಿಲ್ಲ. ಆದರೆ ಈ ಬಾರಿ ‘ಯಾಕ’ ಎಂದು ಕೇಳಲಿಲ್ಲ.