ಆಟ ನಿಲ್ಲಿಸಿದವರು ಯಾರು? ನೋಡಾಕ ಬಂದವರು!

ನಡುರಾತ್ರಿ. ಸತ್ಯಭಾಮೆ ಕೆಂಡವಾಗಿದ್ದಾಳೆ. ಶ್ರೀಕೃಷ್ಣ ಅವಳ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದಾನೆ. ಹಾರ್ಮೋನಿಯಂ ಏರುತ್ತಿದೆ. ತಬಲಾ ಓಡುತ್ತಿದೆ. ಊರಿಗೆ ಊರೇ ಉಸಿರು ಬಿಗಿ ಹಿಡಿದು ಕೂತಿದೆ.

ತಟ್ಟನೆ ಎಲ್ಲ ನಿಂತೇ ಹೋಯಿತು!

ಯಾಕೆ? ಹೇಳಿ ನೋಡೋಣ! ಕರೆಂಟು ಹೋಯಿತೇ? ಇಲ್ಲ. ಮಳೆ ಬಂತೇ? ಇಲ್ಲ. ಪಾತ್ರಧಾರಿ ಮಾತು ಮರೆತನೇ? ಛೇ, ಎಲ್ಲಾದರೂ ಉಂಟೇ!

ಆಯೇರಿ ಬಂದಿದೆ! ಕೂತವರಲ್ಲಿ ಒಬ್ಬರಿಗೆ ಭಾಮೆಯ ಹಾಡು ಎದೆಗೆ ನಾಟಿಬಿಟ್ಟಿದೆ. ನೋಟು ಮೇಲಕ್ಕೆ ಹೋಯಿತು. ಕೊಟ್ಟವರ ಹೆಸರು, ಅವರ ಊರು, ಕೊಟ್ಟ ರೂಪಾಯಿ ಎಷ್ಟು, ಎಲ್ಲವನ್ನೂ ಆಟದ ಅಟ್ಟದ ಮೇಲಿಂದ ಕೂಗಿ ಹೇಳಿದರು. ದ್ವಾರಕೆಯ ಒಡೆಯ ಕಾಯಬೇಕು. ರಾಣಿಯ ಸಿಟ್ಟೂ ಕಾಯಬೇಕು! ಹೆಸರು ಕೂಗಿ ಮುಗಿದ ಮೇಲೆ ಭಾಮೆ ಬಿಟ್ಟಲ್ಲಿಂದ ಹಿಡಿದಳು. ಸಿಟ್ಟು ಒಂದಿಷ್ಟೂ ತಣ್ಣಗಾಗಿಲ್ಲ!

ಇದು ಶ್ರೀಕೃಷ್ಣ ಪಾರಿಜಾತ. ನಮ್ಮ ಜನಪದ ರಂಗಭೂಮಿಯ ಸಣ್ಣಾಟ. ಇದು ಬೆಳೆದು ಬಾಳಿದ ಊರು ಯಾವುದು ಗೊತ್ತೇ? ಘಟಪ್ರಭಾ ನದಿಯ ಸೀಮೆಯದೇ! ಮೂಡಲಗಿ ತಾಲ್ಲೂಕಿನ ಕುಲಗೋಡ!

ಇನ್ನೊಂದು ಸೋಜಿಗ ಕೇಳಿ. ಈ ಆಟದ ಹಿಂದೆ ಇರುವವರು ಒಬ್ಬರಲ್ಲ, ಇಬ್ಬರು. ಇಬ್ಬರ ಹೆಸರೂ ತಮ್ಮಣ್ಣ! ಮೊದಲು ಪಾರಿಜಾತ ಕಟ್ಟಿದವನು ಅಪರಾಳ ತಮ್ಮಣ್ಣ. ಅದನ್ನು ಜನರ ನಡುವೆ ಕುಣಿಸಿ, ಹಾಡಿಸಿ, ಮಾತಾಡಿಸಿ, ಉತ್ತರ ಕರ್ನಾಟಕದ ಮನೆಮನೆಗೆ ಮುಟ್ಟಿಸಿದವನು 19ನೇ ಶತಮಾನದ ಕುಲಗೋಡ ತಮ್ಮಣ್ಣ. ಎರಡು ಊರು, ಎರಡು ಕಾಲ, ಹೆಸರು ಮಾತ್ರ ಒಂದೇ!

ಕಥೆಯೋ, ಒಂದೇ ಒಂದು ಹೂವಿನದು. ನಾರದ ಸ್ವರ್ಗದಿಂದ ಪಾರಿಜಾತ ತಂದ. ಕೃಷ್ಣನ ಕೈಗಿಟ್ಟ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ. ಸುದ್ದಿ ಭಾಮೆಯ ಕಿವಿಗೆ ಬಿತ್ತು. ಮುಗಿಯಿತು! ಬೆಳತನಕ ಇನ್ನು ಯಾರಿಗೂ ನಿದ್ದೆಯಿಲ್ಲ!

ಒಂದು ಹೂವು. ಒಂದು ಇಡೀ ರಾತ್ರಿ. ಅಬ್ಬಾ!

ಹೊತ್ತಿನ ಈ ಲೆಕ್ಕ ನೋಡಿ, ನನಗಂತೂ ಮೈ ಜುಂ ಎಂದಿತು. ಪಾರಿಜಾತದ ಮೊಗ್ಗು ಬಿರಿಯುವುದು ಯಾವಾಗ? ಕತ್ತಲಾದ ಮೇಲೆ. ಹೂವು ಉದುರುವುದು? ಬೆಳಗಾಗುವಾಗ. ಆಟ ಶುರುವಾಗುವುದು? ಕತ್ತಲಾದ ಮೇಲೆ. ಮುಗಿಯುವುದು? ಮೂಡಲ ಕೆಂಪಾಗುವಾಗ! ಹೂವಿನ ಆಯುಷ್ಯವೇ ಆಟದ ಆಯುಷ್ಯ! ಯಾರಾದರೂ ಲೆಕ್ಕ ಹಾಕಿ ಹೀಗೆ ಮಾಡಿದರೋ, ತಾನೇ ಕೂಡಿಬಂತೋ! ಹೇಗೇ ಇರಲಿ, ಎಂಥಾ ಚೆಲುವು!

ನಮ್ಮ ನೋಡುಗರನ್ನು ಕಂಡಿರಿ. ಬೇರೆ ಕಡೆಯ ನೋಡುಗರು ಹೇಗೆ? ಈಗ ಸಮುದ್ರ ದಾಟೋಣ. ಇಂಗ್ಲೆಂಡಿಗೆ!

ಅಲ್ಲಿ ಭಾನುವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನೆ. ಬಹುಕಾಲದಿಂದ ನಡೆದುಬಂದ ಹೊತ್ತು. 1968ರಲ್ಲಿ ಕೆಲವು ಚರ್ಚುಗಳು ಆ ಹೊತ್ತನ್ನೇ ಬದಲಿಸಿದವು! ಯಾಕಿರಬಹುದು? ಯುದ್ಧವೇ? ಅಲ್ಲ. ರಾಣಿಯ ಅಪ್ಪಣೆಯೇ? ಅದೂ ಅಲ್ಲ.

ಟಿವಿಯಲ್ಲಿ ಧಾರಾವಾಹಿ ಇತ್ತು!

'ದಿ ಫಾರ್ಸೈಟ್ ಸಾಗಾ'. ವಿಕ್ಟೋರಿಯಾ ರಾಣಿಯ ಕಾಲದಿಂದ ಮೊದಲಾಗುವ ಒಂದು ಶ್ರೀಮಂತ ಮನೆತನದ ಕಥೆ. 26 ಕಂತು. ಬಿಬಿಸಿ ಅದನ್ನು ಮೊದಲು ತೋರಿಸಿದ್ದು 1967ರಲ್ಲಿ. ಮರುವರ್ಷ ಭಾನುವಾರ ಸಂಜೆಗೆ ಮತ್ತೆ ಹಾಕಿದರು. ಮನೆ ಬಿಟ್ಟು ಯಾರು ಹೊರಗೆ ಬರುತ್ತಾರೆ? ಕೊನೆಯ ಕಂತು ನೋಡಿದವರೆಷ್ಟು, ಊಹಿಸಿ. ಹತ್ತು ಲಕ್ಷ? ಇನ್ನೂ ಮೇಲೆ! ಐವತ್ತು ಲಕ್ಷ? ಇನ್ನೂ! ಸುಮಾರು 1 ಕೋಟಿ 80 ಲಕ್ಷ!

ನಮ್ಮಲ್ಲೇನು ಕಡಿಮೆಯೇ? 1987ರ ಜನವರಿ 25. ದೂರದರ್ಶನದಲ್ಲಿ 'ರಾಮಾಯಣ' ಶುರು. ಭಾನುವಾರ ಬೆಳಿಗ್ಗೆ ದೇಶದ ಬೀದಿಗಳು ಬಿಕೋ! ಟಿವಿ ಪೆಟ್ಟಿಗೆಗೆ ಹಾರ ಹಾಕಿದರು. ಊದುಬತ್ತಿ ಬೆಳಗಿದರು. ಅಲ್ಲಿ ಧಾರಾವಾಹಿಗಾಗಿ ದೇವರ ಪೂಜೆಯ ಹೊತ್ತು ಜರುಗಿತು. ಇಲ್ಲಿ ಧಾರಾವಾಹಿಯೇ ಪೂಜೆಯಾಯಿತು!

ಮತ್ತೆ ಇಂಗ್ಲೆಂಡು. 2010ರ ಸೆಪ್ಟೆಂಬರ್ 26. ಟಿವಿಯಲ್ಲಿ 'ಡೌನ್‌ಟನ್ ಆ್ಯಬಿ' ಧಾರಾವಾಹಿ ಶುರುವಾಯಿತು. ಬರೆದವರು ಜೂಲಿಯನ್ ಫೆಲೋಸ್. ಕಥೆ ಶುರುವಾಗುವುದು 1912ರಲ್ಲಿ. ದೊಡ್ಡ ಬಂಗಲೆ. ಮೇಲೆ ಒಡೆಯರು, ಕೆಳಗೆ ಆಳುಕಾಳು, ನಡುವೆ ಗುಸುಗುಸು. ತಂಗಿ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ. ಸುದ್ದಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊರುವವರು ಆಳುಗಳು. ಎಲ್ಲೋ ನೋಡಿದಂತಿದೆಯಲ್ಲ? ರುಕ್ಮಿಣಿ, ಭಾಮೆ, ಸಖಿಯರು! ದ್ವಾರಕೆಯ ಅರಮನೆಯೇ ಅಲ್ಲವೇ ಇದು!

ಅಲ್ಲಿನ ನೋಡುಗರ ಕಣ್ಣು ಎಂಥದು ಕೇಳಿ. 1912ರ ಮನೆಯ ಮೇಲೆ ಏನೋ ಕಂಡಿತು. ಟಿವಿ ಆಂಟೆನಾ! ಕುದುರೆಗಾಡಿಯ ಕಾಲದ ರಸ್ತೆಯಲ್ಲಿ ಇನ್ನೇನೋ ಕಂಡಿತು. ಇಲ್ಲಿ ಗಾಡಿ ನಿಲ್ಲಿಸಬೇಡಿ ಎಂದು ಹೇಳುವ ಈಗಿನ ಜೋಡಿ ಹಳದಿ ಗೆರೆ! ಹಿಡಿದೇ ಬಿಟ್ಟರು!

2014ರ ಆಗಸ್ಟ್‌ನಲ್ಲಿ ಆದದ್ದಂತೂ ಎಲ್ಲಕ್ಕಿಂತ ಮೇಲು. ಹೊಸ ಕಂತುಗಳ ಪ್ರಚಾರಕ್ಕೆ ಒಂದು ಫೋಟೊ ಬಂತು. 1920ರ ದಶಕದ ಉಡುಪಿನಲ್ಲಿ ಮನೆಯ ಯಜಮಾನ, ಪಕ್ಕದಲ್ಲಿ ಮಗಳು. ಹಿಂದೆ ಬೆಂಕಿಗೂಡು. ಅದರ ಮೇಲೆ ಹೂದಾನಿಯ ಪಕ್ಕ ಏನಿತ್ತು? ಹೇಳಿ!

ಪ್ಲಾಸ್ಟಿಕ್ ನೀರಿನ ಬಾಟಲಿ!

ಜಗತ್ತೇ ನಕ್ಕಿತು. ಆಮೇಲೇನಾಯಿತು? ಇದನ್ನು ಊಹಿಸಲು ನಿಮ್ಮಿಂದಾಗದು! ಕಲಾವಿದರೆಲ್ಲ ಕೂಡಿ ನಿಂತರು. ಎಲ್ಲರ ಕೈಯಲ್ಲೂ ಒಂದೊಂದು ನೀರಿನ ಬಾಟಲಿ! ಅದೇ ಫೋಟೊದಿಂದ, ಬಡ ಊರುಗಳಿಗೆ ಕುಡಿಯುವ ನೀರು ಮುಟ್ಟಿಸುವ 'ವಾಟರ್‌ಏಡ್' ಸಂಸ್ಥೆಯ ಕೆಲಸಕ್ಕೆ ಪ್ರಚಾರ ಕೊಟ್ಟರು! ನೋಡುಗರ ಕಣ್ಣಿಗೆ ಬಿದ್ದ ಒಂದು ತಪ್ಪು ಎಲ್ಲಿಂದ ಎಲ್ಲಿಗೆ ಹೋಯಿತು!

ಆ ನೋಡುಗರಿಗೆ ಅಳು ಬಂದದ್ದೂ ಉಂಟು. 2012ರ ಕ್ರಿಸ್‌ಮಸ್ ರಾತ್ರಿ. ಅದೇ ಧಾರಾವಾಹಿಯಲ್ಲಿ ಮ್ಯಾಥ್ಯೂ ಎಂಬ ಎಲ್ಲರ ಮುದ್ದಿನ ನಾಯಕ. ಆಗತಾನೇ ಮಗ ಹುಟ್ಟಿದ್ದಾನೆ. ನಗುತ್ತ ಕಾರು ಓಡಿಸುತ್ತ ಹೊರಟ. ಅಪಘಾತ! ಸತ್ತೇ ಹೋದ! ಹಬ್ಬದ ದಿನ! ನಮ್ಮ ಹಬ್ಬ ಕೆಡಿಸಿದಿರಿ ಎಂದು ಜನ ಸಿಡಿದೆದ್ದರು. ಆದರೆ ಏನು ಮಾಡಬಲ್ಲರು? ಕಂತು ಮುಗಿದಿತ್ತು. ಮ್ಯಾಥ್ಯೂ ಹೋಗಿ ಆಗಿತ್ತು. ಪರದೆಗೆ ಕಿವಿಯಿಲ್ಲ!

ನಮ್ಮ ಅಟ್ಟಕ್ಕೆ ಕಿವಿ ಇದೆ! ಬಾಯಿಯೂ ಇದೆ. ಆ ಬಾಯಿಯ ಹೆಸರು ಭಾಗವತ!

ಇವನು ಎಂಥ ಮನುಷ್ಯ ನೋಡಿ. ಹಾಡುವವನೂ ಇವನೇ, ಕಥೆ ನಡೆಸುವವನೂ ಇವನೇ. ಪಾತ್ರ ಬಂದು ನಿಂತರೆ ಸುಮ್ಮನೆ ಬಿಡುತ್ತಾನೆಯೇ? ಯಾರು ನೀನು? ಯಾವೂರು? ಯಾಕ ಬಂದಿ? ಸಾಕ್ಷಾತ್ ಪರಮಾತ್ಮನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು! ನೀವು ಮನಸ್ಸಿನಲ್ಲಿ ಏನು ಕೇಳಬೇಕೆಂದಿದ್ದಿರೋ ಅದನ್ನೇ ಭಾಗವತ ಕೇಳುತ್ತಾನೆ. ಕೃಷ್ಣ ಜಾರಿಕೊಳ್ಳಲು ನೋಡಿದರೆ ಹಿಡಿದು ನಿಲ್ಲಿಸುತ್ತಾನೆ. ಭಾಮೆಯ ಬಿಂಕ ಅತಿಯಾದರೆ ಒಂದು ಮಾತು ಚುಚ್ಚುತ್ತಾನೆ. ಹೆಣ್ಣುಮಕ್ಕಳ ಕಡೆಯಿಂದ ನಗೆ ಏಳುತ್ತದೆ. ಆ ನಗೆ ಕೇಳಿ ಇನ್ನೊಂದು ಮಾತು ಹುಟ್ಟುತ್ತದೆ. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ! ಅದು ಆ ರಾತ್ರಿಯದು, ಆ ಊರಿನದು.

ಅದಕ್ಕೇ ಪಾರಿಜಾತ ಒಂದೂರಲ್ಲಿ ಕಂಡಂತೆ ಇನ್ನೊಂದೂರಲ್ಲಿ ಕಾಣದು. ಕೂತವರು ಬೇರೆಯಾದರೆ ಆಟವೂ ಬೇರೆ! ನಿಮ್ಮ ನಗೆಗೆ ಮಾತು ಉದ್ದವಾಗುತ್ತದೆ. ನಿಮ್ಮ ಆಕಳಿಕೆಗೆ ಮೊಟಕಾಗುತ್ತದೆ. ಹಾಡು ಹಿಡಿಸಿತೇ? 'ವನ್ಸ್ ಮೋರ್' ಎಂದು ಕೂಗಿ! ಭಾಮೆ ಮತ್ತೊಮ್ಮೆ ಸಿಟ್ಟಾಗುತ್ತಾಳೆ. ನಿಮಗಾಗಿ! ಇಂಥ ಭಾಗ್ಯ ಟಿವಿ ಮುಂದೆ ಕೂತ ಆ 1 ಕೋಟಿ 80 ಲಕ್ಷ ಮಂದಿಯಲ್ಲಿ ಒಬ್ಬರಿಗಾದರೂ ಇತ್ತೇ?

ಜನರ ಮೆಚ್ಚುಗೆ ಏನೆಲ್ಲ ಮಾಡಬಲ್ಲುದು ಎಂದು ನೋಡಬೇಕಾದರೆ ಕೌಜಲಗಿಗೆ ಬನ್ನಿ. ಇದೂ ಅದೇ ಘಟಪ್ರಭೆಯ ಸೀಮೆ. ಗಂಡಸರೇ ಸೀರೆಯುಟ್ಟು ರಾಣಿಯರಾಗುತ್ತಿದ್ದ ಕಾಲ. ಆಟದ ಹೆಂಗಸು ಎಂದರೆ ಊರು ಮೂಗು ಮುರಿಯುತ್ತಿದ್ದ ಕಾಲ. ಆಗ ಅಟ್ಟ ಹತ್ತಿದವರು ಕೌಜಲಗಿ ನಿಂಗಮ್ಮ! ಎಂಥ ಧೈರ್ಯ! ಮೂಗು ಮುರಿದ ಜನವೇ ಬೆಳತನಕ ಕೂತು ಕೇಳಿತು. ಇವತ್ತಿಗೂ ಈ ಭಾಗದ ಹಿರಿಯರ ಮುಂದೆ ಪಾರಿಜಾತ ಎಂದು ನೋಡಿ, ಮರುಮಾತಿಗೆ ನಿಂಗಮ್ಮನ ಹೆಸರು ಬರುತ್ತದೆ. ಊರ ಹೆಸರು ಅವರ ಹೆಸರಿಗೆ ಅಂಟಿತು. ಅವರಿಂದ ಊರಿಗೂ ಹೆಸರು ಬಂತು!

ಈಗ ಕೊನೆಯ ಪ್ರಶ್ನೆ. ಒಬ್ಬ ನೋಡುಗನ ಪ್ರತಿಕ್ರಿಯೆ ಹೆಚ್ಚೆಂದರೆ ಎಷ್ಟು ಉದ್ದ ಇರಬಹುದು? ಒಂದು ಶಿಳ್ಳೆ? ಒಂದು ಆಯೇರಿ? ಒಂದು ದೂರಿನ ಪತ್ರ?

ಒಂದು ಪಿಎಚ್.ಡಿ. ಪ್ರಬಂಧದಷ್ಟು!

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಘಟಪ್ರಭೆಯ ದಂಡೆಯ ಊರು. 1937ರಲ್ಲಿ ಅಲ್ಲೊಂದು ಮಗು ಹುಟ್ಟಿತು. ಲಾವಣಿ, ಬಯಲಾಟ, ಸಣ್ಣಾಟಗಳ ನಡುವೆ ಬೆಳೆಯಿತು. ಆ ಹುಡುಗ ದೊಡ್ಡವನಾಗಿ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಯಾವುದು? ಉತ್ತರ ಕರ್ನಾಟಕದ ಜನಪದ ರಂಗಭೂಮಿ! ಊರ ಆಟವೇ ಪಾಂಡಿತ್ಯದ ವಿಷಯವಾಯಿತು!

ಹೆಸರು ಹೊಳೆಯಿತಲ್ಲ? ಚಂದ್ರಶೇಖರ ಕಂಬಾರ!

ಅಷ್ಟಕ್ಕೇ ನಿಲ್ಲಲಿಲ್ಲ. 'ಜೋಕುಮಾರಸ್ವಾಮಿ' ನಾಟಕ ಬರೆದರು. ಅದರಲ್ಲಿ ಸೂತ್ರಧಾರ ಏನು ಮಾಡುತ್ತಾನೆ ನೋಡಿ. ಹಿಮ್ಮೇಳದವರ ಜೊತೆ ಹರಟುತ್ತಾನೆ. ಬಂದ ಪಾತ್ರವನ್ನು ತಡೆದು ವಿಚಾರಿಸುತ್ತಾನೆ. ನಮ್ಮ ಭಾಗವತನೇ ಹೊಸ ಅಂಗಿ ತೊಟ್ಟು ಬಂದಿದ್ದಾನೆ! ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಗುಡಿಯ ಮುಂದಿನ ಅಟ್ಟದ ಮಾತು ಬೆಂಗಳೂರಿನವರ ಬಾಯಲ್ಲಿ ಆಡಿತು. ಹಾಡಿತು!

ಆಮೇಲೆ 2010ನೇ ಸಾಲಿನ ಜ್ಞಾನಪೀಠ. ಅದೂ ಇದೇ ಘೋಡಗೇರಿಯ ಹುಡುಗನಿಗೇ!

ಕುಲಗೋಡ, ಕೌಜಲಗಿ, ಘೋಡಗೇರಿ. ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು, ಅಷ್ಟು ಹತ್ತಿರ! ಜಾತ್ರೆಯ ದಿನಗಳಲ್ಲಿ ಹೊರಡಿ. ಈ ಕಡೆ ಎಲ್ಲಾದರೂ ಪಾರಿಜಾತ ಇದೆ ಎಂದು ಕಿವಿಗೆ ಬಿದ್ದರೆ ಬಿಡಬೇಡಿ. ಬೇಗ ಹೋಗಿ ಮುಂದೆ ಜಾಗ ಹಿಡಿಯಿರಿ. ಭಾಗವತನ ಕಣ್ಣಿಗೆ ಬೀಳುವಷ್ಟು ಮುಂದೆ!